ಕುಷ್ಟಣ್ಣ ಕಟ್ಟಿದ ರಬ್ಬರು

ನಿನ್ನೆ ಬೆಳಿಗ್ಗೆ ಕುಷ್ಟಣ್ಣ ನನ್ನ ದೋಣಿಯ ಸೀಮೆಎಣ್ಣೆ ಪೈಪು ಕೊಯ್ದು ಹಾಕಿದ. ಕೇಳಲಿಲ್ಲ, ಹೇಳಲಿಲ್ಲ. ದಡಕ್ಕೆ ಎಳೆದಿಟ್ಟ ದೋಣಿ ಹತ್ತಿ, ಇಂಜಿನ್ನಿನ ಪೈಪಿಗೆ ನಾನು ಸುತ್ತಿದ್ದ ಸೈಕಲ್ ಟ್ಯೂಬಿನ ರಬ್ಬರನ್ನು ಮೀನಿನ ಚೂರಿಯಿಂದ ಸೀಳಿದ. ಅದರ ಜೊತೆಗೆ ಪೈಪನ್ನೂ ಎರಡು ತುಂಡು ಮಾಡಿ ನನ್ನ ಕೈಗೇ ತಂದು ಕೊಟ್ಟ.

“ಭೋಜ, ಹೊಸ್ತ್ ತಕೊ. ಅಲ್ಲಿವರಿಗೆ ಕಡ್ಲಿಗ್ ಹೋಪ್ದ್ ಬೇಡ” ಅಂದ.

“ನಿಮ್ಗೆ ತಲಿ ಸಮ ಇತ್ತಾ ಕುಷ್ಟಣ್ಣ? ಸಿಗಡಿ ಬಿದ್ದ ಹೊತ್ತಂಗೆ ಪೈಪ್ ಕೊಯ್ತ್ರಿಯಲ್ಲ!”

ಅವನು ಚೂರಿ ಒರೆಸಿಕೊಂಡ. ಪಕ್ಕದ ದೋಣಿಯ ಕಡೆ ನಡೆದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುವುದುಂಟು. ನಿನ್ನೆ ಅದು ನೆತ್ತಿಗೇರಿತು. ಗಂಟಲು ಕಟ್ಟುವಷ್ಟು ಬೈದೆ. ಅವನು ಬೆನ್ನು ತಿರುಗಿಸಿಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ನಮ್ಮ ಕಡೆ ಅವನ ಬಾಯಿಂದ ಬೈಗುಳ ಬಂದು ಎಷ್ಟೋ ಕಾಲವಾಯಿತು. ಅವನಿಗೆ ಬೈಯದವರೂ ಯಾರೂ ಉಳಿದಿಲ್ಲ. ತ್ರಾಸಿಯ ಕಡಲು ನೋಡಲು ಕಾರಿನಲ್ಲಿ ಬರುವವರು ಚೂರಿ ಹಿಡಿದು ದೋಣಿಯಿಂದ ದೋಣಿಗೆ ಹೋಗುವ ಈ ಮುದುಕನ ವಿಡಿಯೊ ಮಾಡಿಕೊಳ್ಳುತ್ತಾರೆ. ಅವರಿಗೆ ಅದೊಂದು ತಮಾಷೆ.

ಇದೇ ಕುಷ್ಟಣ್ಣ ಒಂದು ಕಾಲದಲ್ಲಿ ನಮ್ಮ ಕೇರಿಯಲ್ಲಿ ಗಂಟು ಹಾಕುವುದಕ್ಕೆ ಹೆಸರಾದವನು. ಸಣ್ಣ ಪ್ರಾಯದಲ್ಲಿ ಮುಂಬಯಿಗೆ ಓಡಿಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ಅಲ್ಲಿಯ ಮೀನುಗಾರರ ಕೇರಿಯಾದ ಕೋಳಿವಾಡದಲ್ಲಿ ಬಲೆ ಹೆಣೆಯುವುದನ್ನು ಕಲಿತು ಬಂದಿದ್ದ. ಹರಿದ ಬಲೆ ಅವನ ಕೈಗೆ ಬಂದರೆ ಹೊಸದಾಗುತ್ತಿತ್ತು. ಒಡೆದ ಬುಟ್ಟಿ, ಮುರಿದ ಹುಟ್ಟು, ಸೀಳಿದ ನೀರಿನ ಪೈಪು, ಏನೇ ಇರಲಿ, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಕೊಯ್ದು ಬಿಗಿಯಾಗಿ ಸುತ್ತಿ, ಮೇಲೆ ಬಲೆಯ ನೂಲಿನಿಂದ ಗಂಟು ಹಾಕುತ್ತಿದ್ದ. “ನಾ ಕಟ್ಟದ್ದ್ ಬಿಚ್ಚುದಿಲ್ಲೆ” ಎಂಬುದು ಅವನ ಜಂಬ. ಅದು ಸುಳ್ಳೂ ಆಗಿರಲಿಲ್ಲ. ಕಡಲ ಮೇಲೆ ಬದುಕುವ ನಾವೆಲ್ಲ ಹಾಗೇ ಕಟ್ಟಿಕೊಂಡು ಬಂದವರು. ಉಪ್ಪುನೀರಿನಲ್ಲಿ ಆ ಕಟ್ಟು ವರ್ಷಗಟ್ಟಲೆ ಅಲ್ಲಾಡುವುದಿಲ್ಲ.

ಅವನ ಹೆಂಡತಿ ಬೇಬಿ, ಬುಟ್ಟಿ ಹೊತ್ತು ಮೀನು ಮಾರುವವಳು. ಬೇಬಿಯ ತಮ್ಮ ಸೋಮ ಅವರ ಮನೆಯಲ್ಲೇ ಇದ್ದ, ಬಾವನ ಜೊತೆ ಒಂದೇ ದೋಣಿಯಲ್ಲಿ ಹೋಗುತ್ತಿದ್ದ. ಸೋಮನಷ್ಟು ಮೆತ್ತಗಿನ ಮನುಷ್ಯನನ್ನು ನಾನು ಕಂಡಿಲ್ಲ. ಅವನು ಮಾತಾಡಿದರೆ ಪಕ್ಕದಲ್ಲಿ ಕೂತವನಿಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮೀನು ಹರಾಜಿನಲ್ಲಿ ಅವನ ಪರವಾಗಿ ಕೂಗುತ್ತಿದ್ದದ್ದೂ ಬಾವನೇ. “ಒಂದ್ ಗಂಟ್ಲ್ ಇಬ್ರಿಗ್ ಸಾಕ್” ಎಂದು ಕುಷ್ಟಣ್ಣ ತಮಾಷೆ ಮಾಡುತ್ತಿದ್ದ. ಸೋಮ ತಲೆ ತಗ್ಗಿಸಿ ನಗುತ್ತಿದ್ದ.

ಅವರ ದೋಣಿಗಿದ್ದದ್ದು ಹಳೆಯ ಕಾಲದ ಇಂಜಿನ್. ಸೀಮೆಎಣ್ಣೆಯ ಕ್ಯಾನಿನಿಂದ ಇಂಜಿನ್ನಿಗೆ ಒಂದು ಪೈಪು ಹೋಗುತ್ತದೆ, ಅದರ ನಡುವೆ ಮುಷ್ಟಿ ಗಾತ್ರದ ರಬ್ಬರ್ ಉಂಡೆ. ನಾವು ಬಲ್ಬ್ ಅನ್ನುತ್ತೇವೆ. ಅದನ್ನು ಹಿಂಡಿದರೆ ಎಣ್ಣೆ ಮೇಲೇರಿ ಇಂಜಿನ್ ಚಾಲೂ ಆಗುತ್ತದೆ. ಒಂದು ಮಳೆಗಾಲದಲ್ಲಿ ಆ ಬಲ್ಬಿನ ಕುತ್ತಿಗೆ ಬಿರುಕು ಬಿಟ್ಟು ಎಣ್ಣೆ ಜಿನುಗತೊಡಗಿತು. ಕುಷ್ಟಣ್ಣ ಕುಂದಾಪುರಕ್ಕೆ ಹೋಗಿ ವಿಚಾರಿಸಿದ.

“ಆ ಇಂಜಿನ್ನಿನ್ ಪೈಪ್ ಈಗ ಬತ್ತಿಲ್ಲೆ ಮಾರಾಯ್ರೆ” ಅಂದ ಅಂಗಡಿಯವನು. “ಹೊರಗಿಂದ ತರ್ಸುಕ್ ಹೇಳ್ತೆ. ಬಂದ್ ಕೂಡ್ಲೆ ಫೋನ್ ಮಾಡ್ತೆ.”

ಬೇರೆ ಇಂಜಿನ್ನುಗಳ ಪೈಪಿಗೆ ಮೂತಿ ಬೇರೆ, ಇದಕ್ಕೆ ಕೂರುವುದಿಲ್ಲ. ಕುಷ್ಟಣ್ಣ ಮನೆಗೆ ಬಂದವನೇ ಟ್ಯೂಬು ಕೊಯ್ದ, ಸುತ್ತಿದ, ಗಂಟು ಹಾಕಿದ. ಜಿನುಗುವುದು ನಿಂತಿತು. ಅಂಗಳದಲ್ಲಿ ಮೀನು ಉಜ್ಜುತ್ತಿದ್ದ ಬೇಬಿ ಅದನ್ನು ನೋಡಿದಳು.

“ಹ್ವಾಯ್, ಹೊಸ ಪೈಪ್ ಬಪ್ಪಲ್ಲಿವರಿಗೆ ನಿಲ್ಲಿ. ಸೋಮನೂ ಒಟ್ಟಿಗ್ ಇರ್ತ” ಅಂದಳು.

“ಎಂತ ಆತಿಲ್ಲೆ. ನಾ ಕಟ್ಟದ್ದ್.”

ಮರುದಿನ ಬೆಳಕು ಹರಿಯುವಾಗ ನಾವೆಲ್ಲ ಗಂಗೊಳ್ಳಿ ಅಳಿವೆಯಿಂದ ಹೊರಗೆ ಹೋದೆವು. ಅಳಿವೆ ಎಂದರೆ ಹೊಳೆ ಕಡಲು ಸೇರುವ ಬಾಯಿ. ಮಳೆಗಾಲದಲ್ಲಿ ಅಲ್ಲಿ ತೆರೆ ಎದ್ದು ಒಡೆಯುತ್ತದೆ. ದೋಣಿ ಅದನ್ನು ದಾಟುವಾಗ ಇಂಜಿನ್ ಒಂದು ಉಸಿರು ನಿಂತರೂ ತೆರೆ ದೋಣಿಯನ್ನು ಅಡ್ಡ ತಿರುಗಿಸಿ ಮಗುಚಿಹಾಕುತ್ತದೆ. ಹೋಗುವಾಗ ಕಡಲು ಸುಮ್ಮನಿತ್ತು. ಸಿಗಡಿಯೂ ಇತ್ತು. ಆದರೆ ಬಿಸಿಲೇರುವ ಹೊತ್ತಿಗೆ ಪಡುವಣ ಕಪ್ಪಾಯಿತು, ಗಾಳಿ ತಿರುಗಿತು. ನಾವು ಬಲೆ ಎತ್ತಿ ಹಿಂದಿರುಗಿದೆವು. “ಇದೊಂದ್ ಬಲಿ ಎತ್ತಿ ಬತ್ತೆ” ಎಂದು ಕುಷ್ಟಣ್ಣ ದೂರದಿಂದ ಕೈಬೀಸಿದ್ದನ್ನು ನಾನೇ ಕಂಡೆ.

ಅವನು ಬಲೆ ಎತ್ತಿ ಇಂಜಿನ್ ಚಾಲೂ ಮಾಡಿದ. ಇಂಜಿನ್ ಸ್ವಲ್ಪ ದೂರ ಓಡಿ, ಕೆಮ್ಮಿ, ನಿಂತಿತು.

ಪೈಪು ಮುಟ್ಟಿ ನೋಡಿದರೆ ಅವನ ಕಟ್ಟು ಕೈಗೇ ಕಳಚಿ ಬಂತು. ಉಪ್ಪುನೀರಿಗೆ ಜಗ್ಗದ ರಬ್ಬರು ಸೀಮೆಎಣ್ಣೆ ಕುಡಿದು ಉಬ್ಬಿ, ಲೋಳೆಯಾಗಿ, ನೂಲಿನ ಗಂಟಿನ ಒಳಗಿನಿಂದಲೇ ಜಾರಿತ್ತು. ಗಂಟು ಮಾತ್ರ ಹಾಕಿದ ಹಾಗೇ ಇತ್ತು. ಬಲ್ಬು ಕುತ್ತಿಗೆಯಿಂದ ಪೂರ್ತಿ ಸೀಳಿತ್ತು. ಇಂಜಿನ್ ಎಣ್ಣೆಯ ಬದಲು ಗಾಳಿ ಹೀರುತ್ತಿತ್ತು.

ದೋಣಿ ಅಡ್ಡ ತಿರುಗಿತು. ಪೈಪು ಹಿಡಿಯಲು ಬಗ್ಗಿದ್ದ ಸೋಮನನ್ನು ಒಂದು ತೆರೆ ಎತ್ತಿ ದೋಣಿಯ ಅಂಚಿಗೆ ಬಡಿಯಿತು. ಎಡ ಪಕ್ಕೆಲುಬು ಮುರಿದ ಸದ್ದು ಕುಷ್ಟಣ್ಣನಿಗೆ ಗಾಳಿಯ ನಡುವೆಯೂ ಕೇಳಿಸಿತಂತೆ. ಸೋಮ ಕೂಗಲಿಲ್ಲ. ಪಕ್ಕೆ ಅದುಮಿಕೊಂಡು ಕೂತು, “ಎಂತ ಇಲ್ಲೆ ಬಾವ” ಅಂದ. ಅವನ ತುಟಿಯಲ್ಲಿ ರಕ್ತ ಕಂಡಿತು.

ಆಗ ಕುಷ್ಟಣ್ಣ ದಡದತ್ತ ನೋಡಿದ. ದೋಣಿ ಮಗುಚಿದರೆ ತಾನು ಹೇಗಾದರೂ ಈಜಿ ದಡ ಸೇರಿಯಾನು. ಮುರಿದ ಎಲುಬಿನ ಸೋಮ ಒಂದು ಕೈಯೂ ಬೀಸಲಾರ. ಇಂಜಿನ್ ಓಡಿದರೆ ಸೋಮ ಉಳಿಯುತ್ತಾನೆ, ಇಲ್ಲದಿದ್ದರೆ ಇಲ್ಲ. ಅವನನ್ನು ಈ ಸ್ಥಿತಿಗೆ ತಂದದ್ದು ತನ್ನದೇ ಕಟ್ಟು.

ಅವನು ಮಾಡದ್ದು ಉಳಿಯಲಿಲ್ಲ. ಬಲ್ಬಿಗೆ ಲುಂಗಿ ಹರಿದು ಸುತ್ತಿದ. ಎಣ್ಣೆ ಅದನ್ನೂ ದಾಟಿತು. ಬುತ್ತಿಯ ಪ್ಲಾಸ್ಟಿಕ್ ಚೀಲ ಬಿಗಿದು ನೂಲು ಕಟ್ಟಿದ. ಇಂಜಿನ್ ಒಮ್ಮೆ ಗುಡುಗಿ ಸತ್ತಿತು. ಬಿರುಕಿಗೆ ಬೆರಳು ಒತ್ತಿ ಹಿಡಿದ. ಒದ್ದೆ ಫೋನು ಹೊತ್ತಿಕೊಳ್ಳಲೇ ಇಲ್ಲ. ಸುತ್ತ ಒಂದು ದೋಣಿಯೂ ಕಾಣಲಿಲ್ಲ. ಅವನು ಬಲ್ಬಿಗೆ ಬೈದ, ಕಡಲಿಗೆ ಬೈದ, ಅಂಗಡಿಯವನಿಗೆ ಬೈದ, ದೇವರಿಗೆ ಬೈದ, ಕೊನೆಗೆ ಅತ್ತ. ಇದನ್ನು ಅವನೇ ನನಗೆ ಹೇಳಿದ್ದಾನೆ, ಏನೂ ಮುಚ್ಚಿಡದೆ.

ಅಳುತ್ತಿರುವಾಗಲೇ ಅವನಿಗೆ ಹೊಳೆಯಿತು. ಕ್ಯಾನು ಕೆಳಗಿದ್ದರೆ ಇಂಜಿನ್ ಎಣ್ಣೆಯನ್ನು ಮೇಲಕ್ಕೆ ಹೀರಬೇಕು, ಹೀರುವಾಗ ಗಾಳಿ ನುಗ್ಗುತ್ತದೆ. ಕ್ಯಾನೇ ಇಂಜಿನ್ನಿಗಿಂತ ಎತ್ತರದಲ್ಲಿದ್ದರೆ ಎಣ್ಣೆ ತಾನಾಗಿ ಇಳಿಯುತ್ತದೆ. ಜೋಡಣೆಯಲ್ಲಿ ಸೋರಿದರೂ ಎಣ್ಣೆ ಹೊರಗೆ ಸೋರೀತು, ಗಾಳಿ ಒಳಗೆ ಬಾರದು.

ಅವನು ಬಲ್ಬನ್ನು ಕೊಯ್ದು ಬಿಸಾಡಿದ. ಉಳಿದ ಪೈಪಿನ ತುಂಡನ್ನು ಕ್ಯಾನಿನ ಮೂತಿಗೆ ತೂರಿ ಬರೀ ನೂಲಿನಿಂದ ಬಿಗಿದ. ಈ ಸಲ ರಬ್ಬರು ಸುತ್ತಲಿಲ್ಲ. ಪೈಪು ಗಿಡ್ಡವಾಗಿತ್ತು, ದೋಣಿಯಲ್ಲಿ ಕ್ಯಾನು ಇಡಲು ಅಷ್ಟು ಎತ್ತರದ ಜಾಗವೂ ಇರಲಿಲ್ಲ. ಆದ್ದರಿಂದ ಇಂಜಿನ್ನಿಗೆ ಒತ್ತಿ ಕೂತು ಕ್ಯಾನನ್ನು ಹೆಗಲ ಮೇಲೆ ಹೊತ್ತುಕೊಂಡ. ಎಣ್ಣೆ ಇಳಿಯಬೇಕಾದರೆ ಮುಚ್ಚಳ ಸಡಿಲಿಸಬೇಕು. ಸಡಿಲಿಸಿದರೆ ಪ್ರತಿ ತೆರೆಗೂ ಎಣ್ಣೆ ತುಳುಕಿ ತಲೆಯ ಮೇಲೆ ಸುರಿಯುತ್ತಿತ್ತು.

ಇಂಜಿನ್ ಓಡಿತು. ಸೋಮ ಒಂದು ಕೈಯಲ್ಲಿ ಪಕ್ಕೆ ಅದುಮಿ ಇನ್ನೊಂದು ಕೈಯಲ್ಲಿ ಇಂಜಿನ್ನಿನ ಹಿಡಿ ತಿರುಗಿಸಿದ. ಎಣ್ಣೆ ಕುಷ್ಟಣ್ಣನ ಕುತ್ತಿಗೆ, ಹೆಗಲು, ಬೆನ್ನುಗಳಲ್ಲಿ ಇಳಿದು ಚರ್ಮ ಸುಟ್ಟಿತು. ಕಣ್ಣಿಗಿಳಿದಾಗ ಕಣ್ಣು ಮುಚ್ಚಿಕೊಂಡ. ಒರೆಸಲು ಕೈ ಬಿಡುವಂತಿರಲಿಲ್ಲ. ದಾರಿಯುದ್ದಕ್ಕೂ ಸೋಮ ಮೆಲ್ಲಗೆ ಏನೋ ಹೇಳುತ್ತಿದ್ದ. ಇಂಜಿನ್ನಿನ ಸದ್ದಿನಲ್ಲಿ ಬಾವನಿಗೆ ಏನೂ ಕೇಳಿಸಲಿಲ್ಲ.

ಈ ಕಡೆ ಅಳಿವೆಯ ದಡದಲ್ಲಿ ನಾವು ನಿಂತಿದ್ದೆವು. ಬೇಬಿಯೂ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಅಳಿವೆಯ ಬಾಯಿಯಲ್ಲಿ ತೆರೆ ಆಳೆತ್ತರ ಒಡೆಯುತ್ತಿತ್ತು. ಹೊರಗೆ ಹೋಗುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಮಳೆಯ ಮಬ್ಬಿನಲ್ಲಿ ದೋಣಿ ಕಂಡಿತು. ಅದರಲ್ಲಿ ಒಬ್ಬ ನೆಟ್ಟಗೆ ನಿಂತಿದ್ದ.

ಅಳಿವೆ ದಾಟುವಾಗ ಯಾರೂ ನಿಲ್ಲುವುದಿಲ್ಲ. ಎಷ್ಟು ತಗ್ಗಿ ಕೂತರೂ ಸಾಲದು. “ಮಳ್ಳ್ ಹಿಡ್ದಿತ್ತಾ ಇವ್ನಿಗೆ?” ಎಂದು ನಾನೇ ಕಿರುಚಿದೆ. ಕ್ಯಾನಿನಲ್ಲಿ ಎಣ್ಣೆ ತಳ ಮುಟ್ಟಿತ್ತು, ಓರೆ ಮಾಡಿ ಎತ್ತಿ ಹಿಡಿಯದಿದ್ದರೆ ಇಂಜಿನ್ನಿಗೆ ಇಳಿಯುತ್ತಿರಲಿಲ್ಲ ಎಂಬುದು ನಮಗೆ ಗೊತ್ತಾಗುವ ಬಗೆ ಹೇಗೆ?

ಮೊದಲ ತೆರೆ ದಾಟಿತು. ಎರಡನೆಯದೂ ದಾಟಿತು. ಕೊನೆಯ ತೆರೆ ದೋಣಿಯ ಹಿಂಬದಿಗೆ ಅಪ್ಪಳಿಸಿತು. ನಿಂತಿದ್ದವನು ಕ್ಯಾನಿನ ಸಮೇತ ಮಾಯವಾದ. ಪೈಪು ಕಿತ್ತು ಇಂಜಿನ್ ನಿಂತಿತು. ಅಷ್ಟರಲ್ಲಿ ದೋಣಿ ಬಾಯಿ ದಾಟಿ ಒಳಗಿನ ಸಮ ನೀರಿಗೆ ಬಂದಾಗಿತ್ತು. ಸೋಮ ಉಳಿದ. ಕುಷ್ಟಣ್ಣ ತೆರೆಯ ನಡುವೆ ಬಿದ್ದಿದ್ದ.

ಅವನು ಹುಟ್ಟಾ ಈಜುಗಾರ. ಆದರೆ ಎಣ್ಣೆ ತುಂಬಿದ ಕಣ್ಣು ತೆರೆಯಲಾಗದೆ ದಡ ಎತ್ತ, ಕಡಲು ಎತ್ತ ಎಂದು ತಿಳಿಯಲಿಲ್ಲ. ಕೈ ಬೀಸಿದ್ದೇ ಹೊರಗಿನ ಕಡೆಗೆ. ನಾವು ದಡದಿಂದ ಬೊಬ್ಬೆ ಹೊಡೆದೆವು. ಗಾಳಿ ಎದುರಿನಿಂದ ಬೀಸುತ್ತಿತ್ತು, ನಮ್ಮ ಕೂಗು ನಮ್ಮ ಮುಖಕ್ಕೇ ಬಂತು. ಓಡಿ ದೋಣಿ ನೂಕತೊಡಗಿದೆವು.

ಆಗ ಆ ಕೂಗು ಕೇಳಿತು.

“ಹ್ವಾಯ್! ಬಾವ! ಹ್ವಾಯ್! ಇತ್ಲಾಗ್ ಬನಿ! ಹ್ವಾಯ್!”

ಅಂಥ ಗಂಟಲನ್ನು ಆ ಅಳಿವೆಯಲ್ಲಿ ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ದೋಣಿ ನೂಕುತ್ತಿದ್ದ ನಮ್ಮ ಕೈ ನಿಂತೇಹೋಯಿತು. ಬೇಬಿ ನನ್ನ ತೋಳು ಹಿಡಿದಳು.

“ಅದ್ ಯಾರ್ ಕೂಗುದ್?” ಎಂದು ಕೇಳಿದಳು. ಒಡಹುಟ್ಟಿದ ತಮ್ಮನ ಸ್ವರ ಅವಳಿಗೆ ಗುರುತೇ ಸಿಗಲಿಲ್ಲ.

ಕೂಗು ನಿಲ್ಲಲಿಲ್ಲ. ನೀರಿನಲ್ಲಿದ್ದವನು ತಿರುಗಿದ. ಕೂಗು ಬಂದತ್ತ ಒಂದೊಂದೇ ಕೈ ಹಾಕುತ್ತ ಬಂದ. ತೆರೆ ಮುಳುಗಿಸಿದಾಗ ಕೂಗು ಇನ್ನೂ ಜೋರಾಯಿತು. ನಮ್ಮ ದೋಣಿ ಹತ್ತಿರ ಹೋಗುವಷ್ಟರಲ್ಲಿ ಕುಷ್ಟಣ್ಣನ ಕೈ ಸೋಮನ ದೋಣಿಯ ಅಂಚು ಹಿಡಿದಿತ್ತು. ಸೋಮ ಆ ಕೈಯ ಮೇಲೆ ತನ್ನ ಕೈ ಇಟ್ಟ. ಅವನ ಎದೆಯೆಲ್ಲ ರಕ್ತವಾಗಿತ್ತು. ಆಮೇಲೆ ಅವನು ಮಾತಾಡಲಿಲ್ಲ.

ಕುಂದಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಕುಷ್ಟಣ್ಣನ ಕಣ್ಣು ತೊಳೆಸಿ, ಬೆನ್ನಿಗೆ ಮುಲಾಮು ಹಚ್ಚಿಸಿ, ಹೊರಗೆ ಬಂದು ನಮಗೆ ಹೇಳಿದರು. ಮುರಿದ ಎಲುಬು ಸೋಮನ ಶ್ವಾಸಕೋಶಕ್ಕೆ ಚುಚ್ಚಿತ್ತು. ಅಲ್ಲಾಡದೆ ಮಾತಾಡದೆ ಇದ್ದಿದ್ದರೆ ಉಳಿಯಬಹುದಿತ್ತೋ ಏನೋ. ಅಷ್ಟು ಕೂಗುವ ಹಾಗಿರಲಿಲ್ಲ. ಸೋಮ ಅಲ್ಲೇ ತೀರಿಕೊಂಡ. ಹೆಣ ತರುವ ತಯಾರಿಯಲ್ಲಿದ್ದಾಗ ಬೇಬಿಯ ಫೋನಿಗೆ ಅಂಗಡಿಯವನು ಕರೆ ಮಾಡಿದ. “ನಿಮ್ ಪೈಪ್ ಬಂದಿತ್” ಅಂದ. ಪಾಪ, ಅವನಿಗೇನು ಗೊತ್ತು?

ಆಮೇಲೆ ಕುಷ್ಟಣ್ಣ ಮನೆಯ ಮೂಲೆ ಹಿಡಿದ. ಉಣ್ಣು ಎಂದರೆ ಉಂಡ, ಮಲಗು ಎಂದರೆ ಮಲಗಿದ. ತನ್ನ ಎರಡು ಕೈಗಳನ್ನೇ ನೋಡುತ್ತ ಕೂತಿರುತ್ತಿದ್ದ. ನಾವೆಲ್ಲ ಹೋಗಿ ಸಮಾಧಾನ ಹೇಳಿ ಸೋತೆವು. ಬೇಬಿ ಅವನನ್ನು ಒಂದು ಮಾತೂ ಅಂದಿರಲಿಲ್ಲ. ಅದೇ ಅವನನ್ನು ಹೆಚ್ಚು ಕೊಂದದ್ದು ಎಂದು ನನಗನ್ನಿಸುತ್ತದೆ. ಒಂದು ದಿನ ನಾನು ಅಲ್ಲಿ ಕೂತಿದ್ದಾಗಲೇ ಅವನು ಬಾಯಿಬಿಟ್ಟ.

“ಬೇಬಿ, ನಿನ್ ತಮ್ಮನ್ನ್ ಕೊಂದದ್ದ್ ನಾ ಕಟ್ಟದ್ ರಬ್ಬರ್.”

ಬೇಬಿ ಮೀನು ಕೊಯ್ಯುತ್ತಿದ್ದಳು. ಕೈ ನಿಲ್ಲಿಸಿದಳು.

“ಹೌದ್” ಅಂದಳು. “ಹೌದ್. ನಾ ಬೇಡ ಅಂದಿದ್ದೆ. ಆದ್ರೆ ಅಂವ ಹುಟ್ಟಿದಂದಿಂದ ಒಂದೇ ಸಲ ಕೂಗಿದ್ದ್. ನಿಮ್ಮನ್ ಹೀಂಗ್ ಮೂಲಿಯಗ್ ಕೂರ್ಸುಕ್ ಕೂಗಿದ್ದಲ್ಲ. ಏಳಿ.”

ಅವಳು ಕೈಯ ಚೂರಿಯನ್ನು ಸೆರಗಿಗೆ ಒರೆಸಿ ನೆಲದ ಮೇಲೆ ಇಟ್ಟಳು. ಅವನು ಎದ್ದ, ಚೂರಿ ತೆಗೆದುಕೊಂಡ, ದಡಕ್ಕೆ ಹೋದ. ಮೊದಲು ಕೊಯ್ದದ್ದು ಪಕ್ಕದ ಮನೆಯ ಮಂಜನ ದೋಣಿಯ ಕಟ್ಟು. ಅದನ್ನು ಹಿಂದೆ ಅವನೇ ಕಟ್ಟಿಕೊಟ್ಟಿದ್ದ.

ಇವೆಲ್ಲ ಗೊತ್ತಿದ್ದೂ ನಾನು ಮೊನ್ನೆ ಪೈಪು ಸೋರಿದಾಗ ಟ್ಯೂಬು ಸುತ್ತಿದೆ. ಅಂಗಡಿಯಲ್ಲಿ ಪೈಪಿಲ್ಲ, ಕಡಲಿನಲ್ಲಿ ಸಿಗಡಿ ಇದೆ, ಕೈ ತಾನಾಗಿ ರಬ್ಬರಿನ ಕಡೆ ಹೋಗುತ್ತದೆ. ನಮ್ಮ ಜಾತಿಯ ಕೈಗಳೇ ಹಾಗೆ.

ಇವತ್ತು ಬೇರೆ ದೋಣಿಗಳಿಗೆ ಒಳ್ಳೆಯ ಮೀನು ಬಿದ್ದಿದೆಯಂತೆ. ನನ್ನ ಹೆಂಡತಿ ಎರಡು ಸಲ ಬಂದು ಮುಖ ನೋಡಿ ಹೋದಳು. ಕುಷ್ಟಣ್ಣನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಪೈಪು ಬರುವವರೆಗೆ ನಾನು ಮನೆಯಲ್ಲೇ ಇರುತ್ತೇನೆ.