ನೀರುಬಾಗಿಲಿನ ಮಾರಿವೋನ್

ಬೆಳಗಿನ ಆರು ಗಂಟೆ. ಲುವಾರ್ ನದಿ ಸಮುದ್ರ ಸೇರುವಲ್ಲಿ ಮಂಜು ಇನ್ನೂ ಕರಗಿಲ್ಲ. ಸ್ಯಾಂ-ನಜೇರ್ ಬಂದರಿನಲ್ಲಿ, ಸಮುದ್ರದ ನೀರನ್ನು ತಡೆದು ನಿಲ್ಲಿಸುವ ಉಕ್ಕಿನ ನೀರುಬಾಗಿಲ ಮೇಲೆ, ಒಬ್ಬರಷ್ಟೇ ಹಿಡಿಸುವ ಕಾಲುದಾರಿಯಲ್ಲಿ ಮಾರಿವೋನ್ ಗೆಗಾನ್ ಟಾರ್ಚ್ ಹಿಡಿದು ನಡೆಯುತ್ತಿದ್ದಾರೆ. ಅವರು ಹೂಂ ಅಂದ ಮೇಲೆಯೇ ಬಾಗಿಲು ತೆರೆಯುತ್ತದೆ, ಹಡಗು ಒಳಬರುತ್ತದೆ.

ಮಾರಿವೋನ್‌ಗೆ ಐವತ್ತೆಂಟು. ಮೂವತ್ತೊಂದು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ಏಳೆಂಟು ಹಡಗು, ಪ್ರತಿ ಹಡಗಿಗೂ ಮೊದಲು ಒಂದು ಸುತ್ತು ನಡೆದು ನೋಡಬೇಕು. ಚಳಿಗೆ ಬಲ ಮೊಣಕಾಲು ಮಡಚುವುದಿಲ್ಲ. ಹಡಗಿನವರಿಗೆ ಅವರ ಮುಖ ಗೊತ್ತಿಲ್ಲ, ವೈರ್‌ಲೆಸ್ಸಿನ ದನಿಯಷ್ಟೇ ಗೊತ್ತು.

ಹೋದ ಫೆಬ್ರವರಿಯ ಒಂದು ಮುಂಜಾನೆಯ ಮಾತು ತೆಗೆದರೆ ಅವರು ದನಿ ತಗ್ಗಿಸುತ್ತಾರೆ. "ದಾರಿ ಒಣಗಿತ್ತು. ನಡುವೆ ಒದ್ದೆ ಹೆಜ್ಜೆ ಕಾಣಿಸ್ತು. ಬರಿಗಾಲು. ಬೆರಳುಗಳು ನನ್ನ ಕಡೆಗಿದ್ವು. ಯಾರೋ ಎದುರಿಗೆ ಬಂದು, ಅಲ್ಲೇ ಇಲ್ಲವಾದ ಹಾಗೆ."

ಹೆಜ್ಜೆ ಎಲ್ಲಿಂದ ಬಂದಿತ್ತೋ ಆ ಕಡೆಗೆ ನಡೆದರು. ಅದು ದಾರಿಯ ತುದಿಯಲ್ಲಿ, ಬಂದರಿನ ಗೋಡೆಗೆ ಬಡಿದ ಕಬ್ಬಿಣದ ಏಣಿಯ ತಲೆಯಲ್ಲಿ ಶುರುವಾಗಿತ್ತು. ಬಗ್ಗಿ ನೋಡಿದರೆ ಕೆಳಗೆ, ಎದೆಮಟ್ಟ ನೀರಿನಲ್ಲಿ ಒಬ್ಬ ಮನುಷ್ಯ ಏಣಿಗೆ ಜೋತುಬಿದ್ದಿದ್ದ. ಹಡಗು ಆಗಲೇ ಹತ್ತಿರ ಬಂದಿತ್ತು. ಗೋಡೆಗೆ ಒತ್ತಿಕೊಂಡು ಬಂದರೆ ಅವನು ಅಪ್ಪಚ್ಚಿ.

"ನಿಲ್ಲಿಸಿ!" ಎಂದರು ವೈರ್‌ಲೆಸ್ಸಿನಲ್ಲಿ.

"ಉಬ್ಬರ ಇಳೀತಿದೆ ಮೇಡಂ, ತಡವಾದ್ರೆ ಒಳಗೆ ಬರೋಕಾಗಲ್ಲ. ತಮಾಷೆನಾ?" ಕ್ಯಾಪ್ಟನ್ ರೇಗಿದ.

"ನಾನು ಬಾಗಿಲು ತೆಗೆಯಲ್ಲ. ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಹಡಗು ನಿಂತಿತು. ಸಹೋದ್ಯೋಗಿ ಜೋಯೆಲ್ ಓಡಿಬಂದ. ಇಬ್ಬರೂ ಸೇರಿ ಹಗ್ಗ ಹಾಕಿ ಎಳೆದರು. ದೋಣಿಯಿಂದ ಜಾರಿಬಿದ್ದಿದ್ದ ಮೀನುಗಾರ, ಲೋಯಿಕ್ ಬೆರ್ತೊ. ಕಂಬಳಿ ಹೊದಿಸುವಾಗ ಮಾರಿವೋನ್ ಅವನ ಕಾಲು ನೋಡಿದರು. ಎರಡೂ ಕಾಲಲ್ಲಿ ಬೂಟು, ಲೇಸು ಬಿಗಿದು ಕಟ್ಟಿತ್ತು.

ಲೋಯಿಕ್ ಈಗ ಹುಷಾರಾಗಿದ್ದಾನೆ. ಈ ಲೇಖನಕ್ಕಾಗಿ ನಾನು ಕೇಳಿದಾಗ ಎಡ ಹೆಗಲು ಸವರಿಕೊಂಡ. "ಕೂಗೋಕೆ ದನಿಯೇ ಇರಲಿಲ್ಲ. ಯಾರೋ ಕೆಳಗಿಂದ ಬಂದು, ಇಲ್ಲಿ ಕಾಲಿಟ್ಟು ಮೇಲೆ ಹತ್ತಿಹೋದ್ರು. ತಣ್ಣಗಿತ್ತು ಪಾದ."

ಬಂದರಿನ ಕ್ಯಾಮೆರಾದ ಆ ದಿನದ ದೃಶ್ಯದಲ್ಲಿ ಕಾಣುವುದು ಮಾರಿವೋನ್ ಒಬ್ಬರೇ, ಒಣಗಿದ ದಾರಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿರುವುದು. ವರದಿಯಲ್ಲಿ ಅವರು 'ಸದ್ದು ಕೇಳಿಸಿತು' ಎಂದಷ್ಟೇ ಬರೆದರು. ಜೋಯೆಲ್ ಈಗಲೂ ಕೆಣಕುತ್ತಾನೆ: "ಏನಕ್ಕಾ, ನಿನ್ನ ನೆಂಟರು ಬಂದಿದ್ರಾ?" ಆದರೆ ಮಂಜು ಬಿದ್ದ ದಿನ ಅವನು ಒಬ್ಬನೇ ಬಾಗಿಲು ದಾಟುವುದಿಲ್ಲ.

ಮುಂದಿನ ವರ್ಷ ಮಾರಿವೋನ್ ನಿವೃತ್ತರಾಗುತ್ತಾರೆ. ಆಮೇಲೆ ದೂರದ ಕೋಣೆಯಲ್ಲಿ ಕೂತವರು ಪರದೆ ನೋಡಿ ಬಾಗಿಲು ತೆರೆಯುತ್ತಾರಂತೆ.

"ತೆರೀಲಿ ಬಿಡಿ," ಎನ್ನುತ್ತಾರೆ ಮಾರಿವೋನ್, ಥರ್ಮಾಸಿನ ಕಾಫಿ ಬಗ್ಗಿಸುತ್ತ. "ದಿನಾ ಬೆಳಿಗ್ಗೆ ಒಂದ್ಸಲ ಮಾತ್ರ ಯಾರಾದ್ರೂ ನಡೆದು ನೋಡ್ಲಿ. ಅಷ್ಟು ಕಷ್ಟಪಟ್ಟು ಹತ್ತಿಬಂದವರಿಗೆ ಎದುರಿಗೆ ಒಬ್ಬರು ಸಿಗಬೇಕಲ್ವಾ?"