ಅತ್ತೆ ಕೊಟ್ಟ ನಿಂಬೆಹಣ್ಣು

ಬಾಗಿಲಿಗೆ ಕಟ್ಟಿದ ನಿಂಬೆಹಣ್ಣು, ಹೊಸ ಗಾಡಿಯ ಗಾಲಿಯಡಿ ಇಟ್ಟ ನಿಂಬೆಹಣ್ಣು, ಮೂರು ದಾರಿ ಕೂಡುವಲ್ಲಿ ಕುಂಕುಮ ಹಚ್ಚಿ ಎಸೆದ ನಿಂಬೆಹಣ್ಣು, ಇವೆಲ್ಲದರ ಬಗ್ಗೆ ನಾನು ಹತ್ತೊಂಬತ್ತು ವರ್ಷ ಮಕ್ಕಳಿಗೆ ಒಂದೇ ಮಾತು ಹೇಳುತ್ತ ಬಂದವಳು: ಅದರಲ್ಲಿರುವುದು ಸಿಟ್ರಿಕ್ ಆಮ್ಲ, ಮತ್ತೇನೂ ಇಲ್ಲ. ಇಂಡಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯ ದಾರಿಯಲ್ಲಿ ಅಂಥ ಹಣ್ಣು ಬಿದ್ದಿದ್ದರೆ ಮಕ್ಕಳ ಎದುರಿಗೇ ಎತ್ತಿ, ತೊಳೆದು, ಶರಬತ್ತು ಮಾಡಿ ಕುಡಿದು ತೋರಿಸಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ, ಈಕೆ ಮೊದಲಿನಿಂದಲೂ ಇಂಥವಳೇ ಇರಬೇಕು ಎಂದು ನೀವು ಅಂದುಕೊಳ್ಳಬಾರದು.

ನನ್ನ ಗಂಡನಿಗೆ ಇಂಡಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ. ಒಂದು ಕಂಪನಿಯ ಬೀಜವನ್ನು ಹೆಚ್ಚು ಮಾರಿದ ಅಂಗಡಿಯವರನ್ನು ಆ ಕಂಪನಿಯವರೇ ಪರದೇಶಕ್ಕೆ ಕರೆದೊಯ್ಯುವುದು ಈ ವ್ಯಾಪಾರದಲ್ಲಿ ಹಳೆಯ ರೂಢಿ. ಕೊರೊನಾ ಕಳೆದು ವರ್ಷವಾದ ಮೇಲೆ ಅವರ ಪಾಲಿಗೆ ದಕ್ಷಿಣ ಆಫ್ರಿಕಾ ಬಂತು, ಅದೂ ಹೆಂಡತಿಯ ಸಮೇತ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಅಂಗಡಿಯವರೆಲ್ಲ ಸೇರಿ ಹನ್ನೆರಡು ಜೋಡಿ ಹೊರಟೆವು.

ಹೊರಡುವ ದಿನ ಅತ್ತೆ ಅಗರಖೇಡದಿಂದ ಬಂದಿದ್ದರು. ಅಲ್ಲಿ ನಮ್ಮ ನಿಂಬೆಯ ತೋಟವಿದೆ. ಮೈದುನ ನೋಡಿಕೊಳ್ಳುತ್ತಾನೆ, ಅತ್ತೆ ಅವನನ್ನು ನೋಡಿಕೊಳ್ಳುತ್ತಾರೆ. ಹೊಸ್ತಿಲು ದಾಟುವಾಗ ನನ್ನ ಕೈಹಿಡಿದು ನಿಲ್ಲಿಸಿ, ಅಂಗೈಯಲ್ಲಿ ಒಂದು ನಿಂಬೆಹಣ್ಣು ಇಟ್ಟರು. ತೊಟ್ಟಿನಲ್ಲಿ ಎರಡು ಎಲೆ ಹಾಗೆಯೇ ಇದ್ದವು. ಸಿಪ್ಪೆಯ ಮೇಲೆ ಹೆಬ್ಬೆರಳ ಉಗುರಿನಿಂದ ಗೀರಿ ಕುಂಕುಮ ತುಂಬಿದ್ದರು.

"ನಮ್ಮ ಹಳೇ ಗಿಡದ್ದೈತಿ, ತಂಗಿ. ಹೊಳ್ಳಿ ಬರೂತನಕಾ ಹತ್ರ ಇಟ್ಕೋ. ಎಲ್ಲೂ ಒಗಿಬ್ಯಾಡ."

"ಅತ್ತಿ, ನಾ ಇಂಥಾದ್ದೆಲ್ಲಾ ನಂಬೂದಿಲ್ಲಂತ ನಿಮಗ ಗೊತ್ತೈತಲ್ರಿ."

"ನೀ ನಂಬಬ್ಯಾಡ. ಒಯ್ಯಿ, ಸಾಕು."

ಹೊರಡುವ ಹೊತ್ತಿನಲ್ಲಿ ವಾದ ಬೇಡವೆಂದು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡೆ. ವಿಮಾನ ನಿಲ್ದಾಣದಲ್ಲಿ ಎಸೆದರಾಯಿತು ಅಂದುಕೊಂಡಿದ್ದೆ. ಕಸದ ಡಬ್ಬಿಯ ಮುಂದೆ ಎರಡು ಸಲ ನಿಂತೆ ಕೂಡ. ಎಸೆಯಲು ಕೈ ಬರಲಿಲ್ಲ. ನಂಬಿಕೆಯಿಂದಲ್ಲ, ಆ ಮುದುಕಿ ಬೆಳಗಿನ ನಾಲ್ಕು ಗಂಟೆಗೆ ಎದ್ದು ಅದನ್ನು ಕಿತ್ತು ತಂದಿದ್ದಳು, ಅದಕ್ಕೆ.

ನಾವು ಉಳಿದುಕೊಂಡದ್ದು ಒಬ್ಬರೇ ಶ್ರೀಮಂತರಿಗೆ ಸೇರಿದ ಕಾಡಿನಲ್ಲಿ. ಅಲ್ಲಿಯ ವೈಭವ ಏನು ಹೇಳಲಿ! ಮಂಚವೇ ನಮ್ಮ ಅಡುಗೆಮನೆಯಷ್ಟಿತ್ತು. ಸ್ನಾನದ ತೊಟ್ಟಿಯಲ್ಲಿ ಕುಳಿತರೆ ಗಾಜಿನಾಚೆ ಜೀಬ್ರಾ ಮೇಯುವುದು ಕಾಣುತ್ತಿತ್ತು. ಜೀಬ್ರಾ ನಮ್ಮನ್ನೇ ನೋಡುತ್ತದೆಂದು ನಾನು ಮೊದಲ ದಿನ ಸ್ನಾನವನ್ನೇ ಮಾಡಲಿಲ್ಲ. ಊಟದ ಮೇಜಿನ ಮೇಲೆ ಬೆಳ್ಳಿಯ ಚಮಚಗಳ ನಡುವೆ ನಮ್ಮವರು ಊರಿಂದ ತಂದ ಖಡಕ್ ರೊಟ್ಟಿಯನ್ನು ಟಪಟಪ ಮುರಿದು ಶೇಂಗಾ ಹಿಂಡಿಯ ಪುಡಿ ಹಚ್ಚಿಕೊಂಡು ತಿಂದರು. ಅಡುಗೆಯವನು ಒಂದು ಚೂರು ಬೇಡಿ ತಿಂದು, ಇದನ್ನು ಏನು ಹಾಕಿ ಇಷ್ಟು ಗಟ್ಟಿ ಮಾಡುತ್ತೀರಿ ಎಂದು ಕೇಳಿದ.

ಮೂರನೆಯ ದಿನ ಮಧ್ಯಾಹ್ನ ಉಳಿದವರೆಲ್ಲ ಮಲಗಿದಾಗ, ನಾವಿಬ್ಬರು ಮಾತ್ರ ಥಾಬೊ ಎಂಬ ಮಾರ್ಗದರ್ಶಕನ ಜೊತೆ ನೀರಿನ ಹೊಂಡದ ಹತ್ತಿರದ 'ಹೈಡ್'ಗೆ ಹೋದೆವು. ಹೈಡ್ ಎಂದರೆ ಪ್ರಾಣಿಗಳಿಗೆ ಕಾಣದಂತೆ ಕುಳಿತು ನೋಡುವ ನೆಲದೊಳಗಿನ ಕೋಣೆ. ಹಿಂದಿನಿಂದ ಇಪ್ಪತ್ತು ಹೆಜ್ಜೆಯ ಸುರಂಗ, ಅದರ ಬಾಯಿಗೆ ಒಂದು ಕಬ್ಬಿಣದ ಬಾಗಿಲು. ಮೇಲೆ ಮರದ ತೊಲೆ, ತೊಲೆಯ ಮೇಲೆ ಮಣ್ಣು. ಮುಂದಿನ ಗೋಡೆಯಲ್ಲಿ ಕಣ್ಣಿನ ಎತ್ತರಕ್ಕೆ ಒಂದು ಉದ್ದನೆಯ ಕಿಂಡಿ. ಅದರಿಂದ ನೋಡಿದರೆ ಹೊಂಡದ ನೀರು ಗಲ್ಲಕ್ಕೆ ತಾಗುವಷ್ಟು ಹತ್ತಿರ.

ಒಳಗೆ ಹೋಗುವ ಮೊದಲು ಥಾಬೊ ಕೇಳಿದ: ಕಿತ್ತಳೆ, ಮೋಸಂಬಿ, ನಿಂಬೆ, ಇಂಥದ್ದೇನಾದರೂ ನಿಮ್ಮ ಹತ್ತಿರ ಇದೆಯೇ? ಅಲ್ಲಿಯ ಆನೆಗಳಿಗೆ ಆ ವಾಸನೆಯ ಹುಚ್ಚಂತೆ. ಹಿಂದೊಮ್ಮೆ ಒಂದು ಕಿತ್ತಳೆಗಾಗಿ ಆನೆ ಜೀಪಿನ ಬಾಗಿಲನ್ನೇ ಕಿತ್ತಿತ್ತಂತೆ.

ಪಕ್ಕದಲ್ಲಿ ಗಂಡ ನಿಂತಿದ್ದರು. ವಿಜ್ಞಾನದ ಶಿಕ್ಷಕಿಯ ಚೀಲದಿಂದ ಕುಂಕುಮ ಹಚ್ಚಿದ ನಿಂಬೆಹಣ್ಣು ಹೊರಬಂದರೆ ಇಂಡಿ ಮುಟ್ಟುವ ತನಕ, ಅಷ್ಟೇ ಏಕೆ, ಸಾಯುವ ತನಕ ಅವರು ನನ್ನನ್ನು ಬಿಡುತ್ತಿರಲಿಲ್ಲ. ನಾನು "ಇಲ್ಲ" ಎಂದೆ.

ಸ್ವಲ್ಪ ಹೊತ್ತಿಗೆ ಆನೆಗಳು ಬಂದವು. ಮರಿಗಳೂ ಸೇರಿ ಒಂಬತ್ತು. ಎದುರಿನ ದಂಡೆಯಲ್ಲಿ ನೀರು ಕುಡಿಯುತ್ತಿದ್ದಾಗ ಅವುಗಳಲ್ಲೊಂದು, ಕಿವಿ ಹರಿದ ಮುದಿ ಹೆಣ್ಣಾನೆ, ಕುಡಿಯುವುದನ್ನು ನಿಲ್ಲಿಸಿತು. ಸೊಂಡಿಲನ್ನು ನಮ್ಮ ಕಡೆ ಎತ್ತಿ ಗಾಳಿಯಲ್ಲಿ ಹಾಗೇ ಹಿಡಿಯಿತು. ಆಮೇಲೆ ಹೊಂಡ ಸುತ್ತಿಕೊಂಡು ನೇರ ನಮ್ಮತ್ತ ನಡೆದು ಬಂತು. ಥಾಬೊನ ಮುಖದ ನಗು ಹೋಯಿತು.

ಅದು ನಮ್ಮ ತಲೆಯ ಮೇಲಿನ ಮಣ್ಣಿನ ಮೇಲೆ ಕಾಲಿಟ್ಟಾಗ ತೊಲೆ ನರಳಿತು. ಕೂದಲಿಗೆ, ಕಣ್ಣಿಗೆ ಮಣ್ಣು ಸುರಿಯಿತು. ನಾವು ಸುರಂಗಕ್ಕೆ ಓಡಿದೆವು. ಥಾಬೊ ಬಾಗಿಲು ನೂಕಿದ. ಅದು ಒಂದು ಬೆರಳಷ್ಟು ತೆರೆದು ಮತ್ತೆ ಮುಚ್ಚಿಕೊಂಡಿತು. ಹೊರಗೆ ಇನ್ನೊಂದು ಆನೆ ಅದಕ್ಕೆ ಒರಗಿ ನಿಂತಿತ್ತು. ಥಾಬೊ ವಾಕಿಟಾಕಿಯಲ್ಲಿ ಮಾತಾಡಿದ. ಮರಿಗಳಿರುವುದರಿಂದ ಗಾಡಿ ಹತ್ತಿರ ತರಲಾಗದು, ಕಾಯಿರಿ ಎಂದು ಆ ಕಡೆಯವರು ಹೇಳಿದರು. ತಿರುಗಿ ಕೋಣೆಗೆ ಬಂದೆವು. ಥಾಬೊ ಹೆಗಲಿನ ಬಂದೂಕನ್ನು ಇಳಿಸಿ ಮೂಲೆಗೆ ಒರಗಿಸಿ, ಈ ಇಕ್ಕಟ್ಟಿನಲ್ಲಿ ಇದರಿಂದ ಉಪಯೋಗವಿಲ್ಲ ಎಂದ.

ಒಂದು ತಾಸಿನ ಮೇಲೆ ಹಾಗೇ ಕಳೆಯಿತು. ಕಿಂಡಿಗೆ ಅಡ್ಡಲಾಗಿ ಆನೆಯ ಕಾಲು ನಿಂತು ಬೆಳಕು ಕಡಿಮೆಯಾಗಿತ್ತು. ಸೆಕೆ, ಬೆವರು, ಆನೆಯ ಮೈಯ ಹುಳಿವಾಸನೆ. ಅದರೊಳಗೆ ನನಗೆ ಮಾತ್ರ ಇನ್ನೊಂದು ವಾಸನೆ ಸ್ಪಷ್ಟವಾಗಿ ಬರುತ್ತಿತ್ತು, ಅಗರಖೇಡದ ತೋಟದ ವಾಸನೆ. ಬೆಳಿಗ್ಗೆಯಷ್ಟೇ ಪೆನ್ನು ಹುಡುಕುವಾಗ ಆ ಹಣ್ಣು ಕೈಗೆ ತಾಗಿತ್ತು. ಮೆತ್ತಗೆ, ರಸ ತುಂಬಿಕೊಂಡಿತ್ತು, ಕರವಸ್ತ್ರ ಸ್ವಲ್ಪ ತೇವವಾಗಿತ್ತು. ಕಾಯಲೆಂದು ಕೊಟ್ಟದ್ದು ಕೊಲ್ಲಲು ಆನೆಯನ್ನು ಕರೆತಂದಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಹೇಳಬೇಕು ಎಂದು ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಇಬ್ಬರ ಜೀವಕ್ಕಿಂತ ನನ್ನ ಮಾನ ದೊಡ್ಡದಾಗಿತ್ತು ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮೇಲಿನ ಒಂದು ತೊಲೆ ಉದ್ದಕ್ಕೂ ಸೀಳಿತು. ನನ್ನ ಗಂಡ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕುಳಿತರು. "ಇಲ್ಲೇ ಹೂತು ಹೋಗ್ತೇವೇನ? ಯಪ್ಪಾ ಬಸವಣ್ಣಾ," ಎಂದರು. ಅಂಗಡಿಯಲ್ಲಿ ಇಡೀ ಊರನ್ನು ನಗಿಸುವ ಮನುಷ್ಯನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ಆಗ ಥಾಬೊ ನಮ್ಮ ಕಡೆ ತಿರುಗಿ ಕ್ಷಮೆ ಕೇಳಿದ. ತಪ್ಪು ತನ್ನದು, ಗಾಳಿಯ ದಿಕ್ಕನ್ನು ಸರಿಯಾಗಿ ನೋಡದೆ ಕರೆತಂದೆ ಎಂದ. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ನನ್ನ ಹತ್ತಿರ ನಿಂಬೆಹಣ್ಣಿದೆ. ನಾನು ಸುಳ್ಳು ಹೇಳಿದೆ," ಎಂದೆ.

ಗಂಡ ನನ್ನ ಮುಖವನ್ನೇ ನೋಡಿದರು. "ನೀನಾ?" ಎಂದರು, ಅಷ್ಟೇ. ಥಾಬೊ ಬಯ್ಯಲಿಲ್ಲ. ಕಿಂಡಿಯಿಂದ ಆದಷ್ಟು ದೂರ ಎಸೆಯಿರಿ ಎಂದ.

ಕರವಸ್ತ್ರ ಬಿಚ್ಚಿ, ಹಣ್ಣನ್ನು ತೊಟ್ಟಿನಿಂದ ಕಿತ್ತು, ಎಲೆಗಳನ್ನು ಕರವಸ್ತ್ರದಲ್ಲೇ ಬಿಟ್ಟು ಕಿಂಡಿಯ ಹತ್ತಿರ ಹೋದೆ. ಎಸೆಯಲು ಕೈ ಎತ್ತುವಷ್ಟರಲ್ಲಿ ಸೊಂಡಿಲು ಒಳಗೆ ಬಂತು. ನಾನು ಹಾಗೇ ಮರಗಟ್ಟಿ ನಿಂತೆ. ಅಂಗೈ ತೆರೆದಿತ್ತು, ಹಣ್ಣು ಅದರ ಮೇಲಿತ್ತು. ಆಫ್ರಿಕಾದ ಆನೆಯ ಸೊಂಡಿಲ ತುದಿಯಲ್ಲಿ ಎರಡು ಬೆರಳು, ನಮ್ಮ ಆನೆಗೆ ಒಂದೇ ಎಂದು ಪಾಠ ಮಾಡಿದವಳು ನಾನು. ಆ ಎರಡು ಬೆರಳು ನನ್ನ ಅಂಗೈ ಮೇಲೆ ಇಳಿದವು. ಹಣ್ಣನ್ನು ಹಿಡಿಯಲಿಲ್ಲ, ಎಳೆಯಲಿಲ್ಲ. ಅದರ ಮೇಲೆ ಸುಮ್ಮನೆ ಕುಳಿತವು. ಆನೆ ಉಸಿರು ಒಳಗೆಳೆದುಕೊಂಡಿತು. ಬಹಳ ಹೊತ್ತು ಒಳಗೆಳೆದುಕೊಂಡಿತು. ಆ ಸೆಕೆಯಲ್ಲೂ ನನ್ನ ಅಂಗೈ ತಣ್ಣಗಾಯಿತು. ಆಮೇಲೆ ಸೊಂಡಿಲು ಹಿಂದೆ ಸರಿಯಿತು. ಮೇಲೆ ಹೆಜ್ಜೆಯ ಸದ್ದಾಯಿತು, ಕಿಂಡಿಯಲ್ಲಿ ಬೆಳಕು ಬಂತು. ಒಂಬತ್ತೂ ಆನೆಗಳು ಸಾಲಾಗಿ, ಒಂದೂ ಹಿಂತಿರುಗಿ ನೋಡದೆ, ಗಿಡಗಳ ಆಚೆ ಹೋದವು.

ಹಣ್ಣು ಕೈಯಲ್ಲೇ ಇತ್ತು. ಆದರೆ ಏನೋ ಇದೆ ಎಂದೇ ಅನಿಸುತ್ತಿರಲಿಲ್ಲ, ಅಷ್ಟು ಹಗುರ. ನೋಡಿದೆ. ಕಂದು ಬಣ್ಣಕ್ಕೆ ತಿರುಗಿ, ಒಣ ಅಡಕೆಯ ಹಾಗೆ ಗಟ್ಟಿಯಾಗಿತ್ತು. ಸಿಪ್ಪೆ ಎಲ್ಲೂ ಒಡೆದಿರಲಿಲ್ಲ. ಅತ್ತೆಯ ಉಗುರಿನ ಗೀರು, ಅದರೊಳಗಿನ ಕುಂಕುಮ ಹಾಗೆಯೇ ಇದ್ದವು. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎಂದವು. ಥಾಬೊ ಅದನ್ನು ತೆಗೆದುಕೊಂಡು ಮೂಸಿ ನೋಡಿದ, ಕೂಡಲೇ ಹಿಂದಕ್ಕೆ ಕೊಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಇದನ್ನು ಇಲ್ಲಿ ಯಾರಿಗೂ ತೋರಿಸಬೇಡಿ ಎಂದ. ನೌಕರಿಯ ಭಯಕ್ಕೆ ಹೇಳಿದನೋ, ಬೇರೆ ಕಾರಣಕ್ಕೋ, ಕೇಳುವ ಧೈರ್ಯವಾಗಲಿಲ್ಲ. ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಕಾಲು ನೆಲಕ್ಕೆ ತಾಗಿದ್ದೇ ನನಗೆ ಅಳು ಬಂತು.

ಊರಿಗೆ ಬಂದ ಮೇಲೆ ನನ್ನ ಗಂಡ ಮೊದಲಿನ ಹಾಗಾದರು. "ಹೇಳೂದು ಪುರಾಣ, ತಿನ್ನೂದು ಬದನಿಕಾಯಿ" ಎಂದು ದಿನಕ್ಕೆರಡು ಸಲ ಅಂದರು. ಹಣ್ಣಿನ ಮಾತು ಬಂದರೆ ಮಾತ್ರ, ಅಲ್ಲಿಯ ಒಣ ಹವಾ ಬಿಡು ಎಂದು ಅಂಗಡಿಗೆ ಹೊರಡುತ್ತಾರೆ. ನಾನೂ ಹಾಗೇ ನಂಬಬೇಕೆಂದು ಪ್ರಯತ್ನಿಸಿದೆ. ಅದೇ ಗಿಡದ ಹಣ್ಣುಗಳನ್ನು ಎಲೆಯ ಸಮೇತ ಕರವಸ್ತ್ರದಲ್ಲಿ ಸುತ್ತಿ ನಮ್ಮ ಮಾಳಿಗೆಯ ಮೇಲೆ, ಇಂಡಿಯ ಬೇಸಿಗೆಯಲ್ಲಿ, ಇಟ್ಟೆ. ಒಂದು ಕೊಳೆಯಿತು. ಇನ್ನೊಂದು ಅಷ್ಟು ಒಣಗಲು ತಿಂಗಳ ಮೇಲಾಯಿತು. ಅದರ ಎಲೆಗಳು ಮಾತ್ರ ಮೂರನೆಯ ದಿನಕ್ಕೇ ಪುಡಿಯಾಗಿದ್ದವು. ಎಲೆ ಮೊದಲು ಒಣಗಬೇಕು, ಹಣ್ಣು ಆಮೇಲೆ. ಆದರೆ ಆ ಮಧ್ಯಾಹ್ನ ನನ್ನ ಕರವಸ್ತ್ರದಲ್ಲಿದ್ದ ಎರಡು ಎಲೆಗಳು ಸ್ವಲ್ಪ ಬಾಡಿದ್ದವು, ಅಷ್ಟೇ. ಹಸಿರಾಗಿಯೇ ಇದ್ದವು.

ಅತ್ತೆಗೆ ಎಲ್ಲವನ್ನೂ ಹೇಳಿ ಹಣ್ಣನ್ನು ಅವರ ಕೈಗೆ ಕೊಟ್ಟೆ. ಹೆಮ್ಮೆಪಡುತ್ತಾರೆ, ನಾ ಹೇಳಿರಲಿಲ್ಲವೇ ಎನ್ನುತ್ತಾರೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹಾಗೆ ಅನ್ನಲಿ ಎಂದೇ ಕಾಯುತ್ತಿದ್ದೆ. ಯಾರಾದರೂ ಒಬ್ಬರಿಗೆ ಇದು ಅರ್ಥವಾಗಿದ್ದರೆ ಸಾಕಿತ್ತು. ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. ಮುಖ ಬಿಳಿಚಿಕೊಂಡಿತು. ಬಿದ್ದೆದ್ದ ಕೂಸನ್ನು ನೋಡುವ ಹಾಗೆ ನನ್ನ ಕೈ, ತೋಳು, ಮುಖವನ್ನೆಲ್ಲ ಮುಟ್ಟಿ ನೋಡಿದರು.

"ಬಾಗಲಕ್ಕ ಕಟ್ಟಿದ್ದ ಹಣ್ಣ ಒಣಗಿದ್ದು ಭಾಳ ನೋಡೇನಿ. ಹಿಂಗ ಆಗಿದ್ದು ನಾ ಎಂದೂ ನೋಡಿಲ್ಲವ್ವಾ. ಇದನ್ನ ಮನ್ಯಾಗ ಇಡಬ್ಯಾಡ."

ಹೊರಗೆ ಎಸೆಯಲು ಈ ಸಲವೂ ನನ್ನ ಕೈ ಬರಲಿಲ್ಲ. ಶಾಲೆಯ ಪ್ರಯೋಗಾಲಯಕ್ಕೆ ಒಯ್ದು ಗಾಜಿನ ಬಾಟಲಿಯಲ್ಲಿ ಹಾಕಿ, ಹಾವಿನ ಪೊರೆ, ಚೇಳು, ಗೀಜಗನ ಗೂಡಿನ ಪಕ್ಕ ಕಪಾಟಿನಲ್ಲಿಟ್ಟೆ. ಅಲ್ಲಿಯ ಪ್ರತಿಯೊಂದಕ್ಕೂ ನನ್ನ ಕೈಬರಹದ ಚೀಟಿ ಇದೆ: ಇದರ ಹೆಸರು ಇದು, ಇದು ಹೀಗಾದದ್ದು ಇದರಿಂದ. ಇದಕ್ಕೊಂದು ಚೀಟಿ ಬರೆಯಲು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ವರ್ಷ ಎಂಟನೆಯ ತರಗತಿಯ ಯಾವುದಾದರೂ ಮಗು ಬೆರಳು ತೋರಿಸಿ, "ಟೀಚರ್, ಇದೇನ್ರಿ? ಇದಕ್ಯಾಕ ಚೀಟಿ ಇಲ್ರಿ?" ಎಂದು ಕೇಳುತ್ತದೆ. ಆಗೆಲ್ಲ ಆ ಸುರಂಗದ ಬಾಗಿಲಲ್ಲಿ ನಿಂತು ಥಾಬೊ ಮತ್ತೆ ಕೇಳಿದ ಹಾಗಾಗುತ್ತದೆ. ಅಂದು ಒಮ್ಮೆ ಸುಳ್ಳು ಹೇಳಿದ್ದೇನೆ. ಗೊತ್ತಿಲ್ಲ, ಎನ್ನುತ್ತೇನೆ.