ಮೇಷ್ಟರ ಐದನೆಯ ಪ್ರಶ್ನೆ

ಸರೋಜಾ, ಜರ್ಮನಿಯಿಂದ ನಿಮ್ಮಪ್ಪನಿಗೆ ನಾನು ಬರೆದ ಕಾಗದದಲ್ಲಿ ಒಂದು ಸುಳ್ಳಿತ್ತು. ಒಂದೇ ವಾಕ್ಯ. ನೀನು ನಾಟಕದ ಕಂಪನಿ ಸೇರುವುದು ತಪ್ಪಿದ್ದು ಆ ವಾಕ್ಯದಿಂದ, ನನ್ನ ಹೆಂಡತಿಯಾಗಿ ಈ ಮನೆಗೆ ಬಂದದ್ದೂ ಅದರಿಂದಲೇ. ನಲವತ್ತೈದು ವರ್ಷಕ್ಕೂ ಮೇಲಾಯಿತು. ಎಷ್ಟೋ ಸಲ ಬಾಯಿಯವರೆಗೆ ಬಂದಿದೆ — ನುಂಗಿಕೊಂಡಿದ್ದೇನೆ.

ನಾನು ನಿಡಘಟ್ಟದವನಾದರೂ ಹೈಸ್ಕೂಲು ಓದಿದ್ದು ಮಳವಳ್ಳಿಯಲ್ಲಿ, ನಿಮ್ಮ ಮನೆಯ ಹೊರಕೋಣೆಯಲ್ಲಿದ್ದುಕೊಂಡು. ಹಗಲು ನಮಗೆ ಗಣಿತ ಹೇಳುತ್ತಿದ್ದ ನಿಮ್ಮಪ್ಪ, ಸಂಜೆಯಾದರೆ ಹಾರ್ಮೋನಿಯಂ ಮುಂದೆ ಕೂತು ಸುತ್ತಲ ಹಳ್ಳಿಯ ಗಂಡಸರಿಗೆ ಪೌರಾಣಿಕ ನಾಟಕದ ಹಾಡು ಕಲಿಸುತ್ತಿದ್ದರು. ದ್ರೌಪದಿಯ ಪಾತ್ರದವನಿಗೆ ಮೇಲಿನ ಸ್ವರ ಎಟುಕದೆ ಹೋದಾಗ, ಅಡುಗೆಮನೆಯೊಳಗಿಂದಲೇ ನೀನು ಅದನ್ನು ಹಾಡಿ ತೋರಿಸುತ್ತಿದ್ದೆ. ನಾನು ಪುಸ್ತಕ ಬಿಡಿಸಿಟ್ಟುಕೊಂಡು, ಅವನು ಯಾವಾಗ ತಪ್ಪುತ್ತಾನೋ ಎಂದು ಕಾಯುತ್ತಿದ್ದೆ.

ಎಪ್ಪತ್ತರ ದಶಕದ ನಡುವೆ, ಸಕ್ಕರೆ ತಯಾರಿಕೆ ಕಲಿಯಲು ಜರ್ಮನಿಗೆ ಹೋದೆನಲ್ಲ, ಆಗ ಮೇಷ್ಟರಿಂದ ಒಂದು ಕಾಗದ ಬಂತು. ಅಲ್ಲಿ ಇಡೀ ನಾಟಕವನ್ನೇ ಹಾಡುತ್ತಾರಂತೆ, ಆಪೆರಾ ಎನ್ನುತ್ತಾರಂತೆ, ನೋಡಿ ಬರೆ — ಎಂದು ಶುರುಮಾಡಿ, ಪರೀಕ್ಷೆಯ ಕಾಗದದ ಹಾಗೆ ನಂಬರು ಹಾಕಿ ಐದು ಪ್ರಶ್ನೆ ಕೇಳಿದ್ದರು. ಹಾರ್ಮೋನಿಯಂ ಎಲ್ಲಿ ಕೂರುತ್ತದೆ? ಮೈಕು ಉಂಟೋ? ಜನ ಒನ್ಸ್ ಮೋರ್ ಕೂಗಿದರೆ ಮತ್ತೆ ಹಾಡುತ್ತಾರೋ? ಸತ್ತು ಬಿದ್ದ ಪಾತ್ರವೂ ಒನ್ಸ್ ಮೋರಿಗೆ ಎದ್ದು ಹಾಡುವುದುಂಟೋ? ನಾಲ್ಕು ಹೀಗೆ. ಐದನೆಯದರ ಕೆಳಗೆ ಮಾತ್ರ ಗೆರೆ ಎಳೆದಿದ್ದರು — ಅಲ್ಲಿ ಹಾಡುವ ಹೆಣ್ಣುಮಕ್ಕಳು ಎಂಥ ಮನೆಯವರು? ಜನ ಅವರನ್ನು ಹೇಗೆ ಕಾಣುತ್ತಾರೆ?

ಯಾಕೆ ಗೆರೆ ಎಂಬುದನ್ನೂ ಬರೆದಿದ್ದರು. ಮಂಡ್ಯದಲ್ಲಿ ಕ್ಯಾಂಪು ಹಾಕಿದ್ದ ಕಂಪನಿಯ ಮಾಲೀಕರು ಯಾವುದೋ ಮದುವೆಯಲ್ಲಿ ನಿನ್ನ ಹಾಡು ಕೇಳಿ, ಮಗಳನ್ನು ಕಳಿಸಿಕೊಡಿ ಎಂದು ಮನೆಗೇ ಬಂದಿದ್ದರು. "ಸರೋಜ ಹೋಗುತ್ತೇನೆ ಅನ್ನುತ್ತಾಳೆ. ಹೂಂ ಅನ್ನಲು ನನಗೆ ಧೈರ್ಯವಿಲ್ಲ, ಬೇಡ ಅನ್ನಲು ಮನಸ್ಸಿಲ್ಲ. ನೀನು ಕಣ್ಣಾರೆ ನೋಡಿ ಬರೆ. ನೀನು ಬರೆದ ಹಾಗೆ ಮಾಡುತ್ತೇನೆ."

ಒಂದು ಶನಿವಾರ ರೈಲು ಹತ್ತಿ ಹ್ಯಾನೋವರಿಗೆ ಹೋದೆ. ಆ ಊರು ನನಗೆ ಹೊಸದು; ಇಡೀ ದಿನ ಬೀದಿ ಬೀದಿ ಸುತ್ತಿದೆ. ವಿದ್ಯಾರ್ಥಿಗಳ ವಸತಿಯಲ್ಲಿ ಮಲಗಿದ್ದು ಮಾರನೆಯ ಮಧ್ಯಾಹ್ನದ ಆಪೆರಾ ಆಟಕ್ಕೆ ಹೋದೆ. ಒಳಗೆ ಹೋಗುವವರೆಲ್ಲ ಕೋಟು ಬಿಚ್ಚಿಕೊಟ್ಟು ಬಿಲ್ಲೆ ತೆಗೆದುಕೊಳ್ಳಬೇಕು. ಕೋಟಿನೊಳಗೆ ನನ್ನ ಸ್ವೆಟರಿನ ಮೊಣಕೈ ಹರಿದಿತ್ತು. ಬಿಚ್ಚುವುದಿಲ್ಲ ಎಂದು ಹಟ ಹಿಡಿದೆ. ಬಾಗಿಲಿನವನು ನನ್ನ ಮುಖ ನೋಡಿ ಬಿಟ್ಟುಬಿಟ್ಟ.

ನನ್ನ ಜಾಗ ಎಲ್ಲಕ್ಕಿಂತ ಮೇಲಿನ ಉಪ್ಪರಿಗೆಯಲ್ಲಿ. ಬಗ್ಗಿ ನೋಡಿದರೆ ರಂಗದ ಮುಂದೆಯೇ ಒಂದು ಹಳ್ಳ — ವಾದ್ಯದವರು ಅದರೊಳಗೆ ಕೂತಿದ್ದರು, ಐವತ್ತಕ್ಕೂ ಹೆಚ್ಚು ಜನ! ಹಾರ್ಮೋನಿಯಂ ಎಲ್ಲೂ ಇಲ್ಲ. ಮೈಕನ್ನು ಕಣ್ಣು ಕಿರಿದು ಮಾಡಿ ಹುಡುಕಿದೆ; ಅದೂ ಇಲ್ಲ. ಹಾಗಾದರೆ ಇಷ್ಟು ದೂರಕ್ಕೆ ದನಿ ಮುಟ್ಟುವುದು ಹೇಗೆ ಎಂದುಕೊಳ್ಳುತ್ತಿರುವಾಗಲೇ, ಬೂದು ಬಣ್ಣದ ಉಡುಪಿನ ಒಬ್ಬ ಹೆಂಗಸು ಬಂದು ಬಾಯಿ ತೆರೆದಳು. ಅಷ್ಟೂ ವಾದ್ಯಗಳನ್ನು ದಾಟಿಕೊಂಡು ಆ ದನಿ ನೇರ ನನ್ನ ಹತ್ತಿರಕ್ಕೆ ಬಂತು. ಮಾತು ಒಂದೂ ಅರ್ಥವಾಗಲಿಲ್ಲ, ಸರೋಜಾ. ಆದರೂ ಅವಳು ಯಾರನ್ನೋ ಬೇಡುತ್ತಿದ್ದಾಳೆ, ಅವನು ಒಪ್ಪುವುದಿಲ್ಲ ಎಂಬುದು — ತಿಳಿಯಿತು.

ಪಕ್ಕದಲ್ಲಿದ್ದ ಮುದುಕಿ ತನ್ನ ಪುಟ್ಟ ದುರ್ಬೀನನ್ನು ನನ್ನ ಕೈಗೆ ಕೊಟ್ಟಳು. ವಿರಾಮದಲ್ಲಿ, ಬಂದಷ್ಟು ಜರ್ಮನ್‌ನಲ್ಲಿ ಮೇಷ್ಟರ ಐದನೆಯ ಪ್ರಶ್ನೆಯನ್ನು ಅವಳ ಮುಂದಿಟ್ಟೆ: "ಆಕೆ ಯಾರ ಮಗಳು?" ಮುದುಕಿಗೆ ನಗು ಬಂತು. ಅಲ್ಲಿ ಯಾರೂ ಹಾಗೆ ಕೇಳುವುದಿಲ್ಲವೇನೋ. "ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಮಗಳು. ಅಗೋ, ಅಪ್ಪನೂ ಬಂದಿದ್ದಾನೆ," ಎಂದು ಕೆಳಗಿನ ಸಾಲಿನಲ್ಲಿದ್ದ ಬೋಳುತಲೆಯವನನ್ನು ತೋರಿಸಿದಳು.

ಕಥೆಯಲ್ಲಿ ಅವಳು ಸತ್ತಳು. ಸತ್ತ ಮೇಲೆ ಎದ್ದು ಹಾಡಲಿಲ್ಲ. ಪರದೆ ಬಿದ್ದು ಮತ್ತೆ ಎದ್ದಾಗ ಒಬ್ಬಳೇ ಮುಂದೆ ಬಂದು ತಲೆಬಾಗಿದಳು. ಇಡೀ ಸಭೆ ಎದ್ದು ನಿಂತಿತು — ಕೈ ನೋಯುವಷ್ಟು ಹೊತ್ತು ಚಪ್ಪಾಳೆ. ನಾನು ದುರ್ಬೀನನ್ನು ಅವಳ ಅಪ್ಪನ ಕಡೆ ತಿರುಗಿಸಿದೆ. ಅವನು ಚಪ್ಪಾಳೆ ತಟ್ಟುತ್ತಿರಲಿಲ್ಲ. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಕುತೂಹಲ ತಡೆಯದೆ, ಹಾಡುವವರು ಹೊರಬರುವ ಪಕ್ಕದ ಬಾಗಿಲಿಗೂ ಹೋಗಿ ನಿಂತೆ. ಅವಳು ಸಾದಾ ಬಟ್ಟೆಯಲ್ಲಿ ಹೊರಗೆ ಬಂದಳು. ಕಾದಿದ್ದ ಜನ ದಾರಿ ಬಿಟ್ಟರು. ವಯಸ್ಸಾದವರೊಬ್ಬರು ಟೋಪಿ ತೆಗೆದು ನಮಸ್ಕರಿಸಿದರು. ಅಪ್ಪ ಮಗಳ ಕೈಚೀಲ ಇಸಿದುಕೊಂಡ. ಇಬ್ಬರೂ ಮಾತಾಡುತ್ತ ಟ್ರ್ಯಾಮು ಹತ್ತಿ ಹೋದರು.

ಇಷ್ಟನ್ನೂ ನೋಡಿದ್ದೆ. ವಾಪಸು ರೈಲಿನಲ್ಲಿ ಮಡಿಲ ಮೇಲೆ ಕಾಗದವಿಟ್ಟುಕೊಂಡು ಮೊದಲ ನಾಲ್ಕು ಪ್ರಶ್ನೆಗೆ ಕಂಡದ್ದನ್ನು ಕಂಡ ಹಾಗೆಯೇ ಬರೆದೆ. ಐದನೆಯದಕ್ಕೆ ಬಂದಾಗ ಆ ಹೆಂಗಸಿನ ಜಾಗದಲ್ಲಿ ನೀನು ಕಂಡೆ — ಊರೂರು ತಿರುಗುತ್ತ, ಸಾವಿರ ಜನರ ಮುಂದೆ, ನನಗೆ ಎಟುಕದ ಹಾಗೆ. ಹೊರಕೋಣೆಯಲ್ಲಿ ಕೂತು ಒಬ್ಬನೇ ಕೇಳಿಸಿಕೊಳ್ಳುತ್ತಿದ್ದ ದನಿ... ಬರೆದೆ: "ಇಲ್ಲಿಯೂ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ರಂಗ ಹತ್ತುವುದಿಲ್ಲ, ಹತ್ತಿದವರನ್ನು ಯಾರೂ ಮನೆಗೆ ಸೇರಿಸುವುದಿಲ್ಲ." ಇಳಿದ ಸ್ಟೇಷನ್ನಿನಲ್ಲೇ ಅಂಚೆಗೆ ಹಾಕಿದೆ.

ನಾನು ಹಿಂತಿರುಗಿ, ಭಾರತೀನಗರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಹಿಡಿದ ಮೇಲೆ, ನಿಮ್ಮಪ್ಪ ತಾವಾಗಿಯೇ ಮದುವೆಯ ಮಾತೆತ್ತಿದರು. ನನ್ನ ಎರಡೂ ಕೈ ಹಿಡಿದುಕೊಂಡು, "ನಿನ್ ಕಾಗ್ದ ಬರ್ದೇ ಇದ್ದಿದ್ರೆ ಕಳ್ಸೇ ಬುಡ್ತಿದ್ದೆ ಕಣಪ್ಪ. ನನ್ ಮಗ್ಳ ಬಾಳು ಉಳಿಸ್ದೆ ನೀನು" ಎಂದರು. ನಾನು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಅವರು ಹಾಗೆಯೇ ನಂಬಿಕೊಂಡು ತೀರಿಹೋದರು.

ನೀನು ಒಂದೇ ಒಂದು ಸಲ ಕೇಳಿದ್ದೆ, ನೆನಪಿದೆಯೇ? ಮದುವೆಯಾದ ಹೊಸತು, ಮದ್ದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆವು.

"ಅಲ್ಲಿ ಆವಮ್ಮ ಹಾಡಿ ಮುಗ್ಸುದ್ಮೇಲೆ ಜನ ಏನ್ ಮಾಡುದ್ರು?"

"ಏನ್ ಮಾಡ್ತಾರೆ? ಎದ್ದು ಹೋದ್ರು ಕಣೆ."

"ಅಷ್ಟೊತ್ತು ಹಾಡುದ್ಮೇಲೂವಾ?"

ನೀನು ಕಿಟಕಿಯ ಕಡೆ ತಿರುಗಿದೆ. ಆಮೇಲೆ ಮಕ್ಕಳನ್ನು ಮಲಗಿಸುವಾಗ ಗುನುಗುತ್ತಿದ್ದೆ; ನಾನು ಒಳಗೆ ಬಂದರೆ ನಿಲ್ಲಿಸುತ್ತಿದ್ದೆ. ಯಾಕೆ ನಿಲ್ಲಿಸಿದೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೋದ ತಿಂಗಳು ಎದುರುಮನೆಯ ನಾಮಕರಣದಲ್ಲಿ ಆ ಮನೆಯ ಸೊಸೆ, ತೊಟ್ಟಿಲ ಹಾಡು ಹೇಳಿ ಅಜ್ಜಿ, ಎಂದು ನಿನ್ನನ್ನು ಕರೆದಳು. ನಾನು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. "ನಂಗೆ ಹಾಡೋಕ್ ಬರಾಕಿಲ್ಲ ಕಣಮ್ಮ" ಎಂದೆ ನೀನು. ದನಿಯಲ್ಲಿ ದುಃಖವಾಗಲಿ ಸಿಟ್ಟಾಗಲಿ ಇರಲಿಲ್ಲ — ಇದ್ದಿದ್ದರೆ ಇನ್ನೂ ಒಂದಷ್ಟು ದಿನ ಸುಮ್ಮನಿರುತ್ತಿದ್ದೆನೇನೋ. ನೀನು ಅದನ್ನು ನಿಜವೆಂದೇ ತಿಳಿದು ಹೇಳಿದೆ.

ಅಂದಿನಿಂದ ಬರೆಯುತ್ತಿದ್ದೇನೆ, ಹರಿದುಹಾಕುತ್ತಿದ್ದೇನೆ. ಆಗ ಚಿಕ್ಕವನಾಗಿದ್ದೆ ಎಂದೊಮ್ಮೆ ಬರೆದೆ, ಪ್ರೀತಿ ಎಂದೊಮ್ಮೆ ಬರೆದೆ. ಎರಡನ್ನೂ ಹೊಡೆದುಹಾಕಿದ್ದೇನೆ. ನಿನ್ನ ಬದುಕು ಯಾವ ಕಡೆ ಹೋಗಬೇಕೆಂದು ಕೇಳಿದ್ದು ನನ್ನನ್ನು; ಗೊತ್ತಿದ್ದೂ ಗೊತ್ತಿದ್ದೂ ತಪ್ಪು ದಾರಿ ತೋರಿಸಿದೆ.

ಮಳವಳ್ಳಿಗೆ ಹೋದವಳು ನಾಲ್ಕು ಗಂಟೆಯ ಬಸ್ಸಿಗೆ ಬರುತ್ತೇನೆ ಎಂದಿದ್ದೀಯೆ. ಇದನ್ನು ನಿನ್ನ ಕೈಗೇ ಕೊಟ್ಟು ಎದುರಿನಲ್ಲೇ ಕೂರುತ್ತೇನೆ, ಎದ್ದು ಹೋಗುವುದಿಲ್ಲ. ಓದಿ ನೀನು ಏನು ಕೇಳಿದರೂ ಹೇಳುತ್ತೇನೆ; ಏನೂ ಕೇಳದೆ ಒಳಗೆ ಹೋದರೆ, ಬಾಗಿಲು ತಟ್ಟುವುದಿಲ್ಲ.